ಅವರೆ ತಿನ್ನಲು ಕಲಿತ ಹುಳು

ಪುಣೆ, ಮೇ ೧೯೭೯

ಬೀಜಸಂಗ್ರಹದ ಮುಖ್ಯಾಧಿಕಾರಿಗಳೇ,

ನನ್ನ ಹೆಂಡತಿ ಕಾಯ್ದಿಟ್ಟ ಅವರೆಬೀಜ ಶಿವಾಜಿನಗರದ ನಿಮ್ಮ ಗೋದಾಮಿನಲ್ಲಿ ಹಾಳಾಗಿದೆ. ಹುಳು ತಿಂದಿತೆಂದು ಬರೆದಿದ್ದೀರಿ. ಒಪ್ಪಿದೆ. ಎಲೆ ಹಾಕಿ ಬಡಿಸಿದವರು ಯಾರು?

ಗೌರಾಬಾಯಿ ಮೂವತ್ತು ವರ್ಷ ಆ ಬೀಜವನ್ನು ಬೂದಿಯಲ್ಲಿ ಕಲಸಿ, ಗಡಿಗೆಯಲ್ಲಿ ತುಂಬಿ, ಬಾಯಿಗೆ ಸೆಗಣಿ ಮೆತ್ತಿ ಇಡುತ್ತಿದ್ದಳು. ಜೂನಿನ ಮಿರಗದ ಮಳೆ ಬಿದ್ದೊಡನೆ ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಹೆಣ್ಣುಮಕ್ಕಳಿಗೆ ಮುಷ್ಟಿ ಮುಷ್ಟಿ ಹಂಚುತ್ತಿದ್ದಳು. ಬಳ್ಳಿ ಅವರ ಪತ್ರಾಸಿನ ತಗಡು ಹೊದಿಸಿದ ಗುಡಿಸಲು ಹತ್ತಿದರೆ ಸಂಕ್ರಾಂತಿಯವರೆಗೆ ಮಕ್ಕಳ ತಾಟಿನಲ್ಲಿ ಪಲ್ಯವಿರುತ್ತಿತ್ತು. ಹೋದ ವರ್ಷ ಮಾಘದಲ್ಲಿ ಆಕೆ ತೀರಿಕೊಂಡಳು. ನನ್ನ ಕೈಯಲ್ಲಿ ಕೆಟ್ಟೀತೆಂದು ಹೆದರಿ ಗಡಿಗೆಯನ್ನು ನಿಮ್ಮಲ್ಲಿಗೆ ತಂದೆ. ಬೀಜದಲ್ಲಿ ಅನ್ಯಪದಾರ್ಥ ಇರಕೂಡದೆಂದು ನಿಮ್ಮ ಅಚ್ಚಾದ ನಿಯಮ. ನಾನೋ ಇಂಟರ್ ಸೈನ್ಸಿಗೇ ಓದು ನಿಂತ ಗುಮಾಸ್ತ, ಅಚ್ಚಾದದ್ದೆಲ್ಲ ಶಾಸ್ತ್ರವೆಂದು ನಂಬುವವನು. ಬೂದಿ ತೊಳೆದು, ಒಣಗಿಸಿ, ಮುತ್ತಿನಂತೆ ಮಾಡಿ ಒಪ್ಪಿಸಿದೆ. ಆ ತಪ್ಪು ನನ್ನದು. ಅದನ್ನು ಹುಳು ಹಿಡಿದು ಕಾಳು ತೂತುಬಿದ್ದ ಅಲಸಂದಿ ಚೀಲಗಳ ಪಕ್ಕಕ್ಕಿಟ್ಟದ್ದು ನಿಮ್ಮದು.

ಹುಳು ಅವರೆಗೆ ದಾಟೀತಲ್ಲವೇ ಎಂದು ಅಂದೇ ಕೇಳಿದ್ದೆ. ಗೋದಾಮು ನೋಡಿಕೊಳ್ಳುವ ಸದಾನಂದ ನಕ್ಕ.

“ಕಾಕಾ, ಅಲಸಂದಿ ಹುಳ ಅವರಿ ಮುಟ್ಟಂಗಿಲ್ರಿ. ಸಾಹೇಬ್ರು ಫೈಲಿನ್ಯಾಗ ಬರದಾರ.”

“ಹುಳ ಫೈಲ್ ಓದ್ಯದೇನಪಾ?”

“ಓದಿದ್ರ ನನ್ನ ನೌಕರಿ ಅದಕ್ಕ ಕೊಡ್ತಿದ್ರು, ಬಿಡ್ರಿ.”

ಹುಳುವಿನ ಸಂಸಾರ ನಿಮಗೆ ತಿಳಿಯದೇ? ಹೆಣ್ಣು ಕಾಳಿನ ಮೇಲೆ ಮೊಟ್ಟೆ ಅಂಟಿಸುತ್ತದೆ. ಆದಷ್ಟು ಮೊಟ್ಟೆಯಿಲ್ಲದ ಕಾಳನ್ನೇ ಹುಡುಕುತ್ತದೆ. ಅಷ್ಟು ವಿವೇಚನೆ ನಿಮ್ಮ ಕಚೇರಿಯಲ್ಲಿ ಯಾರಿಗಿದೆ? ಮರಿ ಕಾಳಿನೊಳಗೇ ತಿಂದು ಬೆಳೆದು, ಗುಂಡನೆಯ ಕಿಂಡಿ ಕೊರೆದು ಹೊರಬಂದು, ಅನ್ನನೀರಿಲ್ಲದೆ ಕೂಡಿ, ವಾರದಲ್ಲಿ ಎಂಬತ್ತು ತೊಂಬತ್ತು ಮೊಟ್ಟೆಯಿಟ್ಟು ಸಾಯುತ್ತದೆ. ತಿಂಗಳಿಗೊಂದು ತಲೆಮಾರು. ಹೊಸ ಜಾತಿಯ ಕಾಳಿನಲ್ಲಿ ಮೊದಲು ನೂರಕ್ಕೆ ತೊಂಬತ್ತೆಂಟು ಮರಿ ಸಾಯಬಹುದು. ಉಳಿದೆರಡರ ಸಂತಾನಕ್ಕೆ ಆ ಕಾಳೇ ಅನ್ನ. ಇದಕ್ಕೆ ನಮ್ಮ ಪ್ರೊಫೆಸರರು ಅಡಾಪ್ಟೇಶನ್ ಎನ್ನುತ್ತಿದ್ದರು. ಸರ್ವೈವಲ್ ಆಫ್ ದಿ... ಮುಂದಿನದು ಮರೆತಿದ್ದೇನೆ, ಹುಳು ಮರೆತಿಲ್ಲ.

ಹೋದ ಆಷಾಢದಲ್ಲಿ ಗೋದಾಮಿಗೆ ಬಂದು ತಾಟಿನಲ್ಲಿ ಹರಡಿ ನೋಡಿದಾಗ ಆರು ಅವರೆಕಾಳುಗಳಲ್ಲಿ ಕಿಂಡಿಯಿತ್ತು. ಅಲಸಂದಿ ಚೀಲ ಸರಿಸಿರೆಂದು ಬರೆದುಕೊಟ್ಟೆ. ‘ಆಕಸ್ಮಿಕ, ಗಾಬರಿ ಬೇಡ’ ಎಂದು ಉತ್ತರಿಸಿದಿರಿ. ಗಾಬರಿಪಡದೆ ಹತ್ತು ತಲೆಮಾರು ಬೆಳೆಸಿದಿರಿ. ಈಗ ಅವರೆ ಚೀಲ ಎತ್ತಿದರೆ ಹಿಟ್ಟು ಸುರಿಯುತ್ತದೆ.

ನಿನ್ನೆ ಗುಡಿಸಲಿನ ಸಾಬವ್ವ ಸೆರಗೊಡ್ಡಿ ಬಾಗಿಲಲ್ಲಿ ನಿಂತಿದ್ದಳು. “ಹೋದ ವರ್ಷ ದುಃಖದಾಗಿದ್ರಿ, ಕೇಳ್ಲಿಲ್ರಿ ಕಾಕಾ. ಈ ವರ್ಷ ಗೌರಾಬಾಯಾರ ಅವರಿ ಕೊಡ್ತೀರಲ್ರಿ?” ಮಳೆಯಾಗಲಿ, ಕೊಡುತ್ತೇನೆ ಎಂದು ಸುಳ್ಳು ಹೇಳಿ ಕಳಿಸಿದೆ.

ಪರಿಹಾರ ಬೇಡ, ನಿಮ್ಮ ಸುಧಾರಿತ ತಳಿಯೂ ಬೇಡ. ಮಿರಗಕ್ಕೆ ಮೊದಲು ನೀವೇ ಮೊರ ಹಿಡಿದು ಕುಳಿತು, ಮೊಟ್ಟೆ ಅಂಟದ, ಕಿಂಡಿ ಬೀಳದ ಕಾಳುಗಳನ್ನು ಆರಿಸಿ ಕೊಡಿ. ಇಪ್ಪತ್ತು ಸಿಕ್ಕರೂ ಬಳ್ಳಿಯಾಗುತ್ತದೆ. ಒಂದೂ ಸಿಗದಿದ್ದರೆ ಗುಡಿಸಲಿನವರೆಗೆ ನನ್ನೊಡನೆ ಬಂದು ಸಾಬವ್ವನಿಗೆ ನೀವೇ ಹೇಳಿ. ನನಗೆ ಬಾಯಿ ಬರುವುದಿಲ್ಲ.

ಇಂತಿ,
ನಿಮ್ಮ ನಿಯಮ ಪಾಲಿಸಿ ಕೆಟ್ಟ
ಹೊಳಬಸಪ್ಪ