ಅರ್ಧ ಗಜ ರೇಷ್ಮೆ

ಫಾರ್ಮರ್ಸ್ ಬ್ರಾಂಚ್
14 ನವೆಂಬರ್ 2003

ಪ್ರೀತಿಯ ಸುಲೋಚನಾ,

"ಎರಡು ಅರ್ಧ ಸೇರಿದರೆ..." ಅಂತ ಹಾಸ್ಟೆಲಿನಲ್ಲಿ ನೀನೊಂದು ಸಾಲು ಬರೆದಿದ್ದೆ. ಮುಂದೆ "ಒಂದಾಗುವುದು" ಅಂತಿತ್ತೋ, "ಗೆರೆ ಉಳಿಯುವುದು" ಅಂತಿತ್ತೋ? ಮೊದಲನೆಯದಾದರೆ ಈಗ ನಾನು ನಂಬಲಾರೆ.

ಮೂರು ತಿಂಗಳು ಉತ್ತರ ಬರೆಯಲಿಲ್ಲ, ಕೋಪಿಸಿಕೊಳ್ಳಬೇಡ. ಈ ವಯಸ್ಸಿನಲ್ಲಿ ಥೀಸಿಸ್ ಬರೆಯಲು ಕೂತಿದ್ದೇನಲ್ಲ: ಜಪಾನಿಗೂ ಕೊರಿಯಾಕ್ಕೂ ಅರವತ್ತೈದರಲ್ಲಿ ಒಪ್ಪಂದವಾದ ಮೇಲೆ ನಡೆದ ಬಟ್ಟೆ ವ್ಯಾಪಾರ. ಪಕ್ಕದ ಮನೆಯ ಮಿಸೆಸ್ ಚೋ ಅವರ ಗಂಡ ಕೊರಿಯಾದಲ್ಲಿ ರೇಷ್ಮೆ ಗಿರಣಿ ನಡೆಸುತ್ತಿದ್ದರಂತೆ. ಮಾದರಿ ಬಟ್ಟೆಯನ್ನು ಎರಡಾಗಿ ಕತ್ತರಿಸಿ ಅರ್ಧ ಓಸಾಕಾದ ವ್ಯಾಪಾರಿಗೆ ಕಳಿಸಿ, ಅರ್ಧ ತಾವು ಇಟ್ಟುಕೊಳ್ಳುವುದು ಪದ್ಧತಿ. ಎಪ್ಪತ್ತೊಂದರಲ್ಲಿ ಮಾದರಿಗಿಂತ ಬಣ್ಣ ಬೇರೆ ಎಂದು ಇಡೀ ಸರಕು ವಾಪಸ್ ಬಂತು. ಮೋಸಗಾರ ಅನ್ನಿಸಿಕೊಂಡು ಗಿರಣಿ ಮುಚ್ಚಿದರು. ಸಾಯುವತನಕ ಆ ಅರ್ಧವನ್ನು ಜೋಪಾನ ಮಾಡಿದರು. ಬೂದುನೀಲಿ, ಅರ್ಧ ಗಜ.

ಫೋಟೋ ತೆಗೆಯಲೆಂದು ಅದನ್ನು ತಂದಿದ್ದೆ. ಓಸಾಕಾಕ್ಕೂ ಬರೆದೆ. ಆ ಮುದಿ ವ್ಯಾಪಾರಿ ಇನ್ನೂ ಬದುಕಿದ್ದಾರೆ! ತಮ್ಮ ಅರ್ಧವೂ ಇದೆ, ನಿಮ್ಮದನ್ನು ಕಳಿಸಿ, ಸೇರಿಸಿ ನೋಡಿ, ನಮ್ಮ ಅರ್ಧವೇ ಬಣ್ಣ ಬಿಟ್ಟಿದ್ದು ತಪ್ಪು ನಮ್ಮದಾದರೆ ಹಾಗೆಂದು ಬರೆದುಕೊಡುತ್ತೇನೆ ಎಂದರು. ಮಿಸೆಸ್ ಚೋ ಆ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿದರು.

ಕಪಾಟು ತೆಗೆದರೆ ಬಟ್ಟೆ ಇಲ್ಲ. ಗೌರಿಹಬ್ಬದ ದಿನ ಅತ್ತೆ ಶಾರದಮ್ಮ ಅದನ್ನು ರವಿಕೆ ಕಣವೆಂದು ತಾಂಬೂಲದ ಜೊತೆ ಹತ್ತಿರದ ಊರು ಫ್ರಿಸ್ಕೋದ ರಮಾಗೆ ಕೊಟ್ಟುಬಿಟ್ಟಿದ್ದರು. ಅವರಿಗೀಗ ಮರೆವು, ನಿನಗೆ ಗೊತ್ತಲ್ಲ. ರಮಾ ಅದನ್ನು ಯೂಲೆಸ್ಸಿನ ಗುರವ್ವನಿಗೆ ದಾಟಿಸಿದ್ದಳು. ಗುರವ್ವ ನಕ್ಕು, "ಬಂದ ಖಣ ಯಾರರ ಮನ್ಯಾಗ ಇಟ್ಕೋತಾರೇನ್ರಿ? ಹೂಸ್ಟನ್ನಿನ ಗೆಳತಿಗೆ ಕೊಟ್ಟೆ" ಅಂದಳು. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಒಂದು ಮಗುವಿನ ಮೈಮೇಲೆ ಕುಪ್ಪಸವಾಗಿತ್ತು. ನಾಲ್ಕಾರು ಸಲ ಮೆಷಿನ್ನಿಗೆ ಹಾಕಿದ್ದರು. ಅದು ಈಗ ಯಾವ ಬಣ್ಣ ಅಂತ ನನಗೆ ಹೇಳಲು ಬರುವುದಿಲ್ಲ.

ಮಿಸೆಸ್ ಚೋಗೆ ನಡೆದದ್ದು ಹೇಳಿದೆ. ಟೀ ಕುಡಿಯುತ್ತೀರಾ ಎಂದು ಕೇಳಿದರು.

ಮಕ್ಕಳನ್ನು ಕೇಳಿದೆ ಅನ್ನು. ಅವರಿಗೆಲ್ಲ ಒಳ್ಳೆಯದಾಗಲಿ.

ನಿನ್ನ
ನಳಿನಿ

ಮರೆತ ಮಾತು: ಮರೆತದ್ದಲ್ಲ. ಅದನ್ನು ಕೊಟ್ಟದ್ದು ಅತ್ತೆಯಲ್ಲ ಸುಲೋಚನಾ, ನಾನು. ತಂದ ಕಣಗಳು ಮುಗಿದಿದ್ದವು, ರಮಾ ಕೊನೆಯಲ್ಲಿ ಬಂದಳು. ಬರೀ ಎಲೆ ಅಡಿಕೆ ಕೊಟ್ಟು ಕಳಿಸಲು ನಾಚಿಕೆಯಾಯಿತು. ನಾಳೆ ಕೇಳಿ ತಂದರಾಯಿತು ಅಂದುಕೊಂಡೆ. ತಾಂಬೂಲದಲ್ಲಿ ಕೊಟ್ಟದ್ದನ್ನು ವಾಪಸ್ ಕೇಳಲು ಬಾಯಿ ಬರಲಿಲ್ಲ. ಮಿಸೆಸ್ ಚೋಗೂ ಅತ್ತೆಯ ಹೆಸರನ್ನೇ ಹೇಳಿದ್ದೇನೆ. ಇವತ್ತು ಬೆಳಿಗ್ಗೆ ಅವರು ಒಂದು ಬುಟ್ಟಿ ಪೇರ್ ಹಣ್ಣು ತಂದು, ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ಇವು ನಿಮ್ಮತ್ತೆಗೆ. ಪಾಪ, ಅವರನ್ನು ಯಾರೂ ಏನೂ ಅನ್ನಬೇಡಿ. ನನ್ನ ಗಂಡ ಅನ್ನಿಸಿಕೊಂಡದ್ದೇ ಸಾಕು."