ತೆಗೆದಿಟ್ಟ ಧಾರೆ ಸೀರೆ

ನ್ಯಾಮತಿಯ ಮಹೇಶ್ವರಪ್ಪನವರಿಗೆ, ದಾವಣಗೆರೆ ಜವಳಿ ಅಂಗಡಿಯ ಕೊಟ್ರೇಶನ ಶರಣು.

ಹೋದ ವಾರ ನಿಮ್ಮ ಕಿರಿಮಗಳು ರೂಪಶ್ರೀ ಮದುವೆ ಚೆನ್ನಾಗಿ ಆಯಿತೆಂದು ಹೊನ್ನಾಳಿಯ ಗಿರಾಕಿಯೊಬ್ಬರು ಹೇಳಿದರು. ಜವಳಿ ಶಿವಮೊಗ್ಗದಲ್ಲಿ ತೆಗೆದಿರಂತೆ. ತಪ್ಪೇನಿಲ್ಲ. ಅಲ್ಲಿ ಐದಂತಸ್ತಿನ ಅಂಗಡಿ, ಲಿಫ್ಟು, ಕಾರು ನಿಲ್ಲಿಸಲು ಜಾಗ ಎಲ್ಲ ಇದೆ. ನಮ್ಮ ಬೀದಿಯಲ್ಲಿ ಬೈಕು ತಿರುಗಿಸುವುದೂ ಕಷ್ಟ. ದಾವಣಗೆರೆ ಹಿಂದೆ ಬಿತ್ತು ಎಂದು ಯಾರಾದರೂ ಅಂದರೆ ಮೊದಲು ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ಹೌದೆಂದು ತಲೆಯಾಡಿಸಿ ಸೀರೆ ಮಡಿಸುತ್ತೇನೆ.

ಆದರೆ ಒಂದು ಮಾತು ಹೇಳಲೇಬೇಕು. ಎರಡು ವರ್ಷದ ಹಿಂದೆ ನಿಮ್ಮ ಮನೆಯವರು, ಕಸ್ತೂರಮ್ಮನವರು, ಆಸ್ಪತ್ರೆಯಿಂದ ನೇರವಾಗಿ ಒಬ್ಬರೇ ಅಂಗಡಿಗೆ ಬಂದಿದ್ದರು. ಒಂದು ಗಂಟೆ ಕೂತು ರೂಪಶ್ರೀಗೆಂದು ಗಿಣಿಹಸಿರು ಧಾರೆ ಸೀರೆ ಆರಿಸಿದರು.

"ಅಷ್ಟೊತ್ತಿಗೆ ನಾನು ಇರಂಗಿಲ್ಲ ಕೊಟ್ರೇಶಣ್ಣ. ಮನೇಲಿ ಈಗ್ಲೇ ಹೇಳಿದ್ರೆ ಅಳ್ತಾರೆ. ದೊಡ್ಡೋಳ ಮದುವಿಗೆ ಬಂದಂಗೆ ಎಲ್ರೂ ಜವಳಿ ತೆಗಿಯಾಕೆ ಇಲ್ಲಿಗೇ ಬರ್ತಾರಲ್ಲ, ಆಗ ರೂಪಾನ ಮುಂದೆ ಬಿಚ್ರಿ. ಅಲ್ಲೀತನ ಯಾರಿಗೂ ಹೇಳ್ಬ್ಯಾಡ್ರಿ" ಎಂದರು.

ನೀವು ಬೇರೆ ಊರಿಗೆ ಹೋಗಬಹುದೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ದುಡ್ಡು ಅವತ್ತೇ ಕೊಟ್ಟಿದ್ದರು; ಸೀರೆ ಅಂಗಡಿಯದಲ್ಲ, ಅವರದು. ಅವರು ತೀರಿಕೊಂಡ ಮೇಲೂ ರೇಷ್ಮೆ ಮಡಿಕೆಯಲ್ಲಿ ಸೀಳಬಾರದೆಂದು ತಿಂಗಳಿಗೊಮ್ಮೆ ಬಿಚ್ಚಿ, ಬೇರೆ ಮಡಿಕೆ ಹಾಕಿ ಇಡುತ್ತ ಬಂದಿದ್ದೇನೆ. ರೂಪಶ್ರೀಯ ಗಂಡನ ಮನೆ ವಿಳಾಸ ತಿಳಿಸಿ, ನಾನೇ ತಲುಪಿಸುತ್ತೇನೆ.

ಗಿರಾಕಿಗಳಿಗೆ ಸೀರೆಯನ್ನು ನನ್ನ ಹೆಗಲ ಮೇಲೆ ಹಾಕಿ ತೋರಿಸುವುದು ವಾಡಿಕೆ. ಇದನ್ನು ಹಾಗೆ ತೋರಿಸಿಲ್ಲ. ಮಗಳಿಗೆ ಹೇಗೆ ಕಾಣುತ್ತದೋ ಎಂದು ಕಸ್ತೂರಮ್ಮನವರೇ ಹೆಗಲಿಗೆ ಹಾಕಿಕೊಂಡು, ಕನ್ನಡಿ ಮುಂದೆ ಬಹಳ ಹೊತ್ತು ನಿಂತಿದ್ದರು.

ಇಂತಿ,
ಕೊಟ್ರೇಶ್