ಕೈ ಊರಬಹುದಿತ್ತಂತೆ

ಮನೆಯಿಂದ,
ಅಕ್ಟೋಬರ್ ೧೪, ಬುಧವಾರ

ಪ್ರೀತಿಯ ಗುಬ್ಬಿ,

ಕುತ್ತಿಗೆಯ ಪಟ್ಟಿ ಇನ್ನೂ ಚುಚ್ಚುತ್ತಿದೆಯೇ? ಎಡಗೈ ಬೆರಳುಗಳ ಜೋಮು ಇಳಿಯಿತೇ? ಆಸ್ಪತ್ರೆಯಲ್ಲಿ ನಿನ್ನ ಅಮ್ಮ ಒಂದಿಷ್ಟು ಮಲಗುತ್ತಾಳೋ, ಇಲ್ಲ ನರ್ಸುಗಳಿಗೇ ಪಾಠ ಹೇಳುತ್ತಿದ್ದಾಳೋ?

ಶನಿವಾರ ರಗ್ಬಿ ಮೈದಾನದಲ್ಲಿ ನಿನಗೆ ಒಂದು ಅನ್ಯಾಯವಾಯಿತು; ಸೋಮವಾರ ಕ್ಲಬ್ಬಿನ ಫಲಕದಲ್ಲಿ ಎರಡನೆಯದು. "ಬೀಳುವಾಗ ಆಟಗಾರ್ತಿ ಕೈ ಊರಿ ಪೆಟ್ಟು ತಪ್ಪಿಸಿಕೊಳ್ಳಬಹುದಿತ್ತು, ಅಜಾಗರೂಕತೆ ಆಕೆಯದೇ" ಎಂದು ಕಾರ್ಯದರ್ಶಿ ಸಹಿ ಹಾಕಿ ಅಂಟಿಸಿದ್ದಾನೆ. ಹಿಂದೊಮ್ಮೆ ಮೈದಾನದ ಗೋಡೆ ಕುಸಿದಾಗಲೂ ಈ ಮಹಾಶಯ ಮಳೆಯದೇ ತಪ್ಪೆಂದು ಬರೆದಿದ್ದ. ಮಳೆ ಎದುರುತ್ತರ ಕೊಡಲಿಲ್ಲ. ನಾನು ಮರೆತಿಲ್ಲ.

ನಿಯಮದ ಪುಸ್ತಕ ತಂದು ಓದಿದೆ. ಎರಡೂ ತಂಡದವರು ತಲೆ ಕೊಟ್ಟು ತಳ್ಳಾಡುವ ಸ್ಕ್ರಮ್ಮಿನಲ್ಲಿ ಮುಂಸಾಲಿನ ನಡುವೆ ನಿಂತು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಸೆಳೆಯುವವಳು ಹುಕ್ಕರ್, ಅಷ್ಟು ತಿಳಿಯಿತು. ನಿನ್ನೆ ಸಂಜೆ ನಿನ್ನ ಮಾವ ಬಂದವನೇ ಪುಸ್ತಕ ಕಸಿದುಕೊಂಡ. "ಭಾವ, ಇದು ಓದಿ ಬರೋ ವಿದ್ಯೆ ಅಲ್ಲ, ಏಳಿ ಮೇಲೆ." ಹರೆಯದಲ್ಲಿ ಅವನೂ ಮುಂಸಾಲಿನಲ್ಲಿ ತಳ್ಳಿದವನಲ್ಲವೇ. "ಮೊದ್ಲು ಟೀಪಾಯಿ ಸರಿಸ್ರಪ್ಪಾ, ಅದು ಗಾಜಿಂದು!" ಎಂದು ಅತ್ತೆ ಕೂಗುತ್ತಿದ್ದಂತೆ ಬಲಕ್ಕೆ ಮಾವ, ಎಡಕ್ಕೆ ನಿನ್ನ ಅಣ್ಣ ನಿಂತರು. ನನ್ನ ಎರಡೂ ತೋಳುಗಳನ್ನು ತಮ್ಮ ಬೆನ್ನ ಮೇಲೆ ಹಾಯಿಸಿ, ಅಂಗಿ ಬಿಗಿಯಾಗಿ ಹಿಡಿಸಿದರು. ಸೋಫಾಕ್ಕೆ ತಲೆ ಕೊಟ್ಟು ಮೂವರೂ ಬಾಗಿದೆವು. ಚೆಂಡಿನ ಬದಲು ದಿಂಬು. ಅದನ್ನೆಳೆಯಲು ಕಾಲೆತ್ತಿದೆ ನೋಡು, ಮೈಭಾರ ಅರ್ಧ ಇನ್ನೊಂದು ಕಾಲಿಗೆ, ಅರ್ಧ ಕುತ್ತಿಗೆಗೆ. ನಿನ್ನೆದುರು ತಳ್ಳಲು ಎಂಟು ಜನರಿದ್ದರು. ನನ್ನೆದುರು ಬರೀ ಸೋಫಾ. ಅಷ್ಟರಲ್ಲಿ ಮಾವ, ಶನಿವಾರ ನಿಮ್ಮ ಸ್ಕ್ರಮ್ ಕುಸಿದ ಹಾಗೆಯೇ, ಬೇಕೆಂದೇ ಮಂಡಿ ಮಡಚಿ ಕುಸಿದ. "ಕೈ ಊರಿ ಭಾವ, ಊರಿ ನೋಡೋಣ!"

ಊರಲು ಕೈ ಎಲ್ಲಿತ್ತು ಗುಬ್ಬಿ? ಎರಡೂ ಅವರ ಬೆನ್ನ ಮೇಲಿದ್ದವು. ಹಣೆ ನೆಟ್ಟಗೆ ನೆಲಕ್ಕೆ ಬಡಿಯಿತು.

ಕೈಯಿಲ್ಲದವರ ಹಾಗೆ ಬಾಗುವುದನ್ನು, ಕುತ್ತಿಗೆ ಬಿಗಿಹಿಡಿಯುವುದನ್ನು, ಪಕ್ಕದವರ ಮೇಲೆ ಜೀವ ಬಿಟ್ಟು ನಿಲ್ಲುವುದನ್ನು ತಿಂಗಳುಗಟ್ಟಲೆ ಕಲಿಸಬೇಕಂತೆ. ಯಾವಾಗಲೂ ಮೈದಾನದ ಅಂಚಿನಲ್ಲಿ ಚೆಂಡು ಹಿಡಿದು ಓಡುವ ಜಾಗದಲ್ಲಿ ಆಡುತ್ತಿದ್ದ ನಿನ್ನನ್ನು, ಹುಕ್ಕರ್ ಹುಡುಗಿಗೆ ಜ್ವರವೆಂದು, ಅವತ್ತೇ ಬೆಳಿಗ್ಗೆ ಅಲ್ಲಿಗೆ ನೂಕಿದರು. "ಗುಣ ಆದ್ಮೇಲೆ ಸರಿಯಾಗಿ ಕಲಿತು ಅಲ್ಲೇ ಆಡ್ತೀನಪ್ಪಾ" ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೆ ಈಗಲೇ ಹೂಂ ಅನ್ನಲಾರೆ. ಮೊದಲು ಆ ಬೆರಳುಗಳು ಲೋಟ ಹಿಡಿಯಲಿ. ಅದೂ ಒಂದು ವಿದ್ಯೆಯೆಂದು ನಿನ್ನೆ ಕಂಡ ಮೇಲೆ ಬೇಡ ಅನ್ನುವ ಬಾಯಿಯೂ ನನಗಿಲ್ಲ.

ಮಾವ, ಅತ್ತೆ, ಅಣ್ಣ ನಿನ್ನನ್ನು ತುಂಬ ಕೇಳಿದ್ದಾರೆ. ಬೇಗ ಎದ್ದು ಬಾ, ಕಂದಾ.

ನಿನ್ನ
ಅಪ್ಪ

ಲಕೋಟೆ ಅಂಟಿಸುವ ಮೊದಲು: ಈಗಷ್ಟೇ ಆ ಪಂದ್ಯದ ರೆಫರಿ ಮನೆಗೆ ಬಂದಿದ್ದರು. ಆಟಕ್ಕೆ ಮುಂಚೆ "ಈಕೆ ಮುಂಸಾಲಿಗೆ ತಯಾರಾದವಳಾ?" ಎಂದು ಅವರು ಕೇಳಿದ್ದರಂತೆ. ಇಲ್ಲವೆಂದಿದ್ದರೆ ಸ್ಕ್ರಮ್ಮಿನಲ್ಲಿ ತಳ್ಳಾಟವನ್ನೇ ನಿಲ್ಲಿಸುತ್ತಿದ್ದರು. "ಹೌದು" ಎಂದವನು ಕಾರ್ಯದರ್ಶಿ. ಭಾನುವಾರ ಸದಸ್ಯರ ಸಭೆಯಿದೆ. ನಾನು, ಮಾವ, ಅಣ್ಣ ಮೂವರೂ ಹೋಗುತ್ತೇವೆ. ಆ ಕಾರ್ಯದರ್ಶಿ ಎಲ್ಲರ ಎದುರು ಮಾವ, ಅಣ್ಣನ ನಡುವೆ ಬಾಗಿ, ಎರಡೂ ತೋಳು ಅವರ ಬೆನ್ನ ಮೇಲೆ ಹಾಕಿ, ಹಾಗೆಯೇ ಉತ್ತರ ಹೇಳಲಿ: ನನ್ನ ಮಗಳು ಯಾವ ಕೈ ಊರಬೇಕಿತ್ತು? ಆ "ಹೌದು" ಯಾಕೆ ಹೇಳಿದಿರಿ?